ಬೆಂಕಿ ಬಟ್ಟೆ ತೊಟ್ಟು ಕಂಬ ತಬ್ಬಿದ ಸನ್ಯಾಸಿ: ಈ ಜಪಾನಿ ಮರದಚ್ಚಿನ ಚಿತ್ರದಲ್ಲಿ ಏನು ನಡೀತಿದೆ?

ಕಾಗದದೋಣಿ

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಟೋಕಿಯೋಗೆ ಹೋಗಿದ್ದ ನಮ್ಮ ಅಣ್ಣ, ಜಿಂಬೋಚೋ ಅನ್ನೋ ಹಳೇ ಪುಸ್ತಕದಂಗಡಿಗಳ ಬೀದಿಯಿಂದ ನನಗೊಂದು ಚಿತ್ರ ತಂದಿದ್ದಾನೆ. ಮರದ ಅಚ್ಚಿನಲ್ಲಿ ಒತ್ತಿದ್ದು, ಹಳೇ ಕಾಲದ್ದು ಅಂತ ಅಂಗಡಿಯವರು ಹೇಳಿದರಂತೆ. ಅದಕ್ಕಿಂತ ಜಾಸ್ತಿ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಚಿತ್ರ ಹೀಗಿದೆ. ಒಬ್ಬ ಗಂಡಸು. ತಲೆಗೂದಲು ನಾಲ್ಕೂ ಕಡೆ ಎದ್ದು ನಿಂತಿದೆ. ಬಿಳಿ ಬಟ್ಟೆಯ ಮೇಲೆಲ್ಲ ಬೆಂಕಿಯ ನಾಲಿಗೆಗಳು. ಒಂದು ಕೈ, ಒಂದು ಕಾಲಿನಿಂದ ಗುಡಿಸಲಿನ ಕಂಬವನ್ನು ಸುತ್ತಿ ಹಿಡಿದಿದ್ದಾನೆ. ಕಣ್ಣುಗುಡ್ಡೆಗಳು ಮೂಗಿನ ಕಡೆಗೆ ತಿರುಗಿವೆ. ಮುಖದ ಮೇಲೆ ಕೆಂಪು ಗೆರೆ. ಬಲ ಅಂಚಿನಲ್ಲಿ ಮೇಲುಗಡೆ ತುಂಡಾದ ಒಂದು ಹಗ್ಗ ನೇತಾಡ್ತಿದೆ, ಅದಕ್ಕೆ ಬಿಳಿ ಕಾಗದದ ಪಟ್ಟಿಗಳನ್ನು ಕಟ್ಟಿದ್ದಾರೆ. ಅದೇ ಅಂಚಿನಲ್ಲಿ ಕೆಳಗೆ ಯಾರದ್ದೋ ಸೀರೆಯ ಹಾಗಿರುವ ಬಟ್ಟೆಯ ತುದಿ, ಅಷ್ಟೇ. ಅಳತೆ 36 ಸೆಂ.ಮೀ. ಉದ್ದ, 24.5 ಅಗಲ. ಚಿತ್ರದ ತುಂಬ ಓರೆಯಾಗಿ ತೆಳ್ಳನೆ ಗೀರು ಬಿದ್ದಿವೆ. ಸಾಗಿಸುವಾಗ ಆಗಿರಬೇಕು, ನೋಡಿ ಬೇಜಾರಾಯ್ತು.

ಇದು ಯಾವ ದೇವರು? ಯಾಕಿಷ್ಟು ಸಿಟ್ಟು? ಇಂಥ ಚಿತ್ರಗಳನ್ನು ಹೇಗೆ ಓದಬೇಕು ಅಂತ ತಿಳಿದವರು ದಯವಿಟ್ಟು ಹೇಳಿ.

ನೀಲಿಕೊಡೆ

ಯಮನಾ? ಕಣ್ಣು ನೋಡಿದರೆ ಹಾಗನ್ನಿಸುತ್ತೆ.

ಪರದೆ_ಹಿಂದೆ

ದೇವರಲ್ಲ. ನಟ. ಜಪಾನಿನ ಕಬುಕಿ ನಾಟಕದವರು ಕಣ್ಣನ್ನು ಹಾಗೆ ಮಾಡಿ ಗಕ್ಕನೆ ನಿಂತುಬಿಡುತ್ತಾರೆ. ಅದಕ್ಕೆ ‘ಮೀಯೆ’ ಅಂತಾರೆ. ಪಕ್ಕದಲ್ಲಿ ಒಬ್ಬ ಕೂತು ಮರದ ತುಂಡುಗಳನ್ನು ಹಲಗೆ ಮೇಲೆ ಪಟಪಟ ಬಡೀತಾನೆ. ಆ ಕ್ಷಣ ಇಡೀ ನಾಟಕಕ್ಕೆ ಕಳಸ ಇಟ್ಟ ಹಾಗೆ. ಕೆಂಪು ಗೆರೆ ಅಂದರೆ ರಾಕ್ಷಸ ಪಾತ್ರ ಇರಬೇಕು.

ಒಂದು ಮಾತು. ಇವು ನಮ್ಮ ಸಿನಿಮಾ ಪೋಸ್ಟರ್ ಇದ್ದ ಹಾಗೆ. ನಾಟಕ ನೋಡಿ ಹಾಗೇ ಬರೆದಿದ್ದು. ಕಲೆ ಅಂತ ತುಂಬ ಹುಡುಕಬೇಡಿ.

ಒಸಾಕಾ_ಕನ್ನಡತಿ

@ಪರದೆ_ಹಿಂದೆ, ನಟ ಅನ್ನೋದು ಸರಿ. ಆದರೆ ಕೆಂಪು ಅಂದರೆ ರಾಕ್ಷಸ ಅನ್ನೋದು ನಮ್ಮ ಕಣ್ಣಿನ ಅಭ್ಯಾಸ. ಕಬುಕಿಯ ಮುಖವರ್ಣಿಕೆಗೆ ‘ಕುಮದೋರಿ’ ಅಂತಾರೆ. ಅಲ್ಲಿ ಕೆಂಪು ಅಂದರೆ ಶಕ್ತಿ, ರೋಷ, ಹೆಚ್ಚಾಗಿ ನ್ಯಾಯದ ಪಕ್ಷ. ನೀಲಿ ಗೆರೆ ಬಂದರೆ ಖಳ ಅಥವಾ ಪ್ರೇತ. ಕಂದು ಬಂದರೆ ಮನುಷ್ಯರಲ್ಲದ ಪ್ರಾಣಿ, ಭೂತ. ನಾನು ಇಲ್ಲಿಗೆ ಬಂದ ಮೊದಲ ವರ್ಷ ಪೂರ್ತಿ ತಿರುಗುಮುರುಗಾಗಿ ಓದಿ, ಒಳ್ಳೆಯವನನ್ನೇ ಬೈದುಕೊಂಡು ನಾಟಕ ನೋಡಿದ್ದೆ.

ಕಾಗದದೋಣಿ ಅವರೇ, ನನಗೆ ನಿಮ್ಮ ಚಿತ್ರ ಯಾವುದು ಅಂತ ಗೊತ್ತಾಯ್ತು ಅನ್ನಿಸುತ್ತೆ. ಒಂದೇ ಒಂದು ಕೇಳ್ತೀನಿ. ಅದರಲ್ಲಿ ಎಲ್ಲಾದರೂ ಮೂರು ಚೌಕ, ಒಂದರೊಳಗೆ ಒಂದು, ಇದೆಯಾ? ಬಟ್ಟೆ, ಅಂಚು, ಎಲ್ಲಿಯಾದರೂ.

ಕಾಗದದೋಣಿ

ಇದೆ! ಒಳಬಟ್ಟೆಯ ಕೊರಳಪಟ್ಟಿಯಲ್ಲಿ ಸಣ್ಣದಾಗಿದೆ. ಸುಮ್ನೆ ವಿನ್ಯಾಸ ಅಂದುಕೊಂಡಿದ್ದೆ.

ಒಸಾಕಾ_ಕನ್ನಡತಿ

ಹಾಗಾದರೆ ಮುಗೀತು. ಅದು ‘ಮಿಮಾಸು’. ಅಕ್ಕಿ ಅಳೆಯುವ ಮೂರು ಮರದ ಸೇರುಗಳನ್ನು ಒಂದರೊಳಗೊಂದು ಇಟ್ಟು ಮೇಲಿನಿಂದ ನೋಡಿದ ಹಾಗೆ. ಇಚಿಕಾವಾ ದಂಜೂರೋ ಮನೆತನದ ಗುರುತು. ಎದೋ ಅಂದರೆ ಈಗಿನ ಟೋಕಿಯೋ. ಆ ಊರಿನ ರೋಷದ ಪಾತ್ರಗಳಿಗೆಲ್ಲ ದೊಡ್ಡ ಮನೆ ಇದು. ಆ ಹೆಸರು ಅಪ್ಪನಿಂದ ಮಗನಿಗೆ, ಇಲ್ಲವೇ ದತ್ತು ಮಗನಿಗೆ ಬರುತ್ತಾ ಇವತ್ತಿಗೂ ನಡೀತಿದೆ. 13ನೇ ದಂಜೂರೋ 2022ರಲ್ಲಿ ಹೆಸರು ತಗೊಂಡರು.

ನಾಟಕ ‘ನರುಕಾಮಿ’. ಹಾಗಂದರೆ ಗುಡುಗು. ಒಬ್ಬ ಸನ್ಯಾಸಿ. ಸಾಮ್ರಾಟನಿಗೆ ಗಂಡು ಮಗು ಆಗಲಿ ಅಂತ ಪ್ರಾರ್ಥನೆ ಮಾಡಿರ್ತಾನೆ. ಮಗು ಆದ ಮೇಲೆ ಸಾಮ್ರಾಟ ಕೊಟ್ಟ ಮಾತು ತಪ್ಪುತ್ತಾನೆ. ಸಿಟ್ಟಿಗೆದ್ದ ಸನ್ಯಾಸಿ ಮಳೆ ತರುವ ನಾಗದೇವತೆಗಳನ್ನು ಜಲಪಾತದ ಹಿಂದೆ ಕೂಡಿಹಾಕಿ, ಮಂತ್ರಿಸಿದ ಹಗ್ಗ ಕಟ್ಟಿಬಿಡ್ತಾನೆ. ಕಾಗದದ ಪಟ್ಟಿ ಕಟ್ಟಿದ ಹಗ್ಗ ಅಂದಿರಲ್ಲ, ಅದೇ ಅದು. ಊರಿಗೆಲ್ಲ ಬರ. ಆಗ ಅರಮನೆಯವರು ತಾಯೆಮಾ ಅನ್ನೋ ಸುಂದರಿಯನ್ನು ಬೆಟ್ಟಕ್ಕೆ ಕಳಿಸ್ತಾರೆ. ಅವಳು ಕತೆ ಹೇಳಿ, ಹೊಟ್ಟೆನೋವು ಅಂತ ನಟಿಸಿ, ಅವನ ವ್ರತ ಕೆಡಿಸಿ, ಸಾಕೆ ಅನ್ನೋ ಅಕ್ಕಿ ಮದ್ಯ ಕುಡಿಸಿ ಮಲಗಿಸ್ತಾಳೆ. ಆಮೇಲೆ ಬಂಡೆ ಹತ್ತಿ ಹಗ್ಗ ಕಡೀತಾಳೆ. ನಾಗಗಳು ಮೇಲೆ ಹೋಗ್ತವೆ, ಮಳೆ ಸುರಿಯುತ್ತೆ. ಎದ್ದ ಸನ್ಯಾಸಿಗೆ ಮೋಸ ಗೊತ್ತಾಗುತ್ತೆ. ರಂಗದ ಮೇಲೇ ಅವನ ಬಟ್ಟೆಯ ದಾರ ಎಳೀತಾರೆ, ಮೇಲಿನ ಭಾಗ ಕಳಚಿ ಬಿದ್ದು ಬೆಂಕಿಯ ಬಟ್ಟೆ ಹೊರಗೆ ಬರುತ್ತೆ. ಕಂಬ ಸುತ್ತಿ ನಿಲ್ಲೋದು ಆಗಲೇ.

ಅಂದ ಹಾಗೆ ಆ ಓರೆ ಗೀರುಗಳನ್ನು ಇನ್ನೊಮ್ಮೆ ನೋಡಿ. ಅದು ಗೀರಲ್ಲ. ಮಳೆ.

ಕಾಗದದೋಣಿ

ಮೈ ಜುಮ್ಮಂತು. ಈಗ ಕಿಟಕಿ ಹತ್ತಿರ ಹಿಡಿದು ನೋಡಿದೆ. ಎಲ್ಲ ಗೆರೆಗಳೂ ಒಂದೇ ಓರೆ, ತಿಳಿ ಬೂದಿ ಬಣ್ಣ. ಮುಖದ ಮೇಲೆ ಒಂದೂ ಹಾದಿಲ್ಲ. ಇದನ್ನು ಒಂದು ವಾರದಿಂದ ಹಾಳಾದ ಚಿತ್ರ ಅಂದುಕೊಂಡು ಕೂತಿದ್ದೆ.

ತುಂಗಾತೀರ

ಒಂದು ನಿಮಿಷ. ಕಾಡಿನ ಮುನಿ. ಬರ. ರಾಜ ಹೆಣ್ಣನ್ನು ಕಳಿಸೋದು. ವ್ರತ ಕೆಟ್ಟಾಗ ಮಳೆ. ಇದು ನಮ್ಮ ಋಷ್ಯಶೃಂಗ ಅಲ್ವಾ?!

ನಮ್ಮೂರು ಶೃಂಗೇರಿ ಹತ್ತಿರ. ಊರಿನ ಹೆಸರೇ ಅವನಿಂದ ಬಂದಿದ್ದು ಅಂತ ನಾವು ಕೇಳಿಕೊಂಡು ಬೆಳೆದವರು. ಪಕ್ಕದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ದೇವಸ್ಥಾನ ಇದೆ. ಮಳೆ ಬಾರದಿದ್ದರೂ ಅಲ್ಲಿಗೇ ಹೋಗ್ತಾರೆ, ಬಂದ ಮಳೆ ನಿಲ್ಲದಿದ್ದರೂ ಅಲ್ಲಿಗೇ.

ಒಸಾಕಾ_ಕನ್ನಡತಿ

ಹೌದು, ಅದೇ ಕತೆ. ನಾನು ಹೇಳಬೇಕು ಅಂತಿದ್ದೆ, ನೀವೇ ಹಿಡಿದುಬಿಟ್ರಿ. ಜಾತಕ ಕತೆಗಳಲ್ಲೂ ಈ ಮುನಿ ಇದ್ದಾನೆ. ಬೌದ್ಧ ಗ್ರಂಥಗಳ ಜೊತೆ ಚೀನಾಕ್ಕೆ ಹೋಗಿ, ಅಲ್ಲಿಂದ ಜಪಾನಿಗೆ ಬಂದ. 12ನೇ ಶತಮಾನದ ‘ಕೊಂಜಾಕು ಮೊನೊಗಾತಾರಿ’ ಅನ್ನೋ ಕತೆಗಳ ಸಂಗ್ರಹದಲ್ಲಿ ಇದು ಭಾರತದ ಕತೆ ಅಂತಲೇ ಇದೆ. ಆಮೇಲೆ ‘ಇಕ್ಕಾಕು ಸೆನ್ನಿನ್’ ಅನ್ನೋ ‘ನೋ’ ನಾಟಕ ಆಯ್ತು. ‘ನೋ’ ಅಂದರೆ ಕಬುಕಿಗಿಂತ ಹಳೇ ನಾಟಕದ ಬಗೆ. ಹಾಗಂದರೆ ಒಂಟಿ ಕೊಂಬಿನ ಮುನಿ. ನಡೆಯೋ ಜಾಗ ವಾರಾಣಸಿ ಸೀಮೆ. ಕಬುಕಿಯವರು ಕೊಂಬು ತೆಗೆದು, ಜಪಾನಿ ಸನ್ಯಾಸಿ ಮಾಡಿ, ಕ್ಯೋಟೋದ ಉತ್ತರದ ಬೆಟ್ಟಕ್ಕೆ ತಂದು ಕೂರಿಸಿದರು. ಮೊದಲನೇ ದಂಜೂರೋ 17ನೇ ಶತಮಾನದಲ್ಲೇ ನರುಕಾಮಿ ಪಾತ್ರ ಮಾಡಿದ್ದ. ಈಗ ಆಡುವ ರೂಪ 1742ರಲ್ಲಿ ಇದೇ ಒಸಾಕಾದಲ್ಲಿ ಬಂತು.

ತುಂಗಾತೀರ

ಆದರೆ ಒಂದು ವ್ಯತ್ಯಾಸ ದೊಡ್ಡದು. ನಮ್ಮ ಋಷ್ಯಶೃಂಗ ಮಳೆಯನ್ನು ಕಟ್ಟಿಹಾಕಿದವನಲ್ಲ. ಹೆಣ್ಣನ್ನೇ ನೋಡದ ಮುಗ್ಧ. ಅವನು ಕಾಲಿಟ್ಟ ಕಡೆ ಮಳೆ. ಕೊನೆಗೆ ಶಾಂತೆಯನ್ನು ಮದುವೆಯಾಗಿ ಸುಖವಾಗಿರ್ತಾನೆ. ಸಿಟ್ಟಿನಲ್ಲಿ ಕಂಬ ತಬ್ಬಿದ ಋಷ್ಯಶೃಂಗನನ್ನು ನನಗೆ ಊಹಿಸಿಕೊಳ್ಳಲಿಕ್ಕೇ ಆಗ್ತಿಲ್ಲ.

ಒಸಾಕಾ_ಕನ್ನಡತಿ

ಜಪಾನಿಗೆ ಬಂದ ಕತೆಯಲ್ಲಿ ಮುನಿ ಮಳೆಯಲ್ಲಿ ಒದ್ದೆಯಾದ ಬೆಟ್ಟದ ಮೇಲೆ ಜಾರಿ ಬೀಳ್ತಾನೆ. ಆ ಸಿಟ್ಟಿಗೆ ನಾಗಗಳನ್ನು ಕೂಡಿಹಾಕ್ತಾನೆ. ಸಿಟ್ಟು ಸೇರಿದ್ದೇ ನಾಟಕದವರಿಗೆ ಬೇಕಾಗಿದ್ದ ಸಾಮಗ್ರಿ. ಮುಗ್ಧನನ್ನು ಇಟ್ಟುಕೊಂಡು ದಂಜೂರೋ ಏನು ಮಾಡಲಿಕ್ಕಾಗುತ್ತೆ ಹೇಳಿ?

ಹಳೇಮಸಿ

ತಡವಾಗಿ ಬಂದೆ. ಇಪ್ಪತ್ತು ವರ್ಷದಿಂದ ಇಂಥ ಹಾಳೆಗಳನ್ನು ಸ್ವಲ್ಪ ಸ್ವಲ್ಪ ಕೂಡಿಡ್ತಾ ಬಂದಿದ್ದೇನೆ. ಕತೆ ಸಿಕ್ಕಿತು. ಈಗ ಹಾಳೆಯ ವಯಸ್ಸು ನೋಡೋಣ. ಕಾಗದದೋಣಿ ಅವರೇ, ಚಿತ್ರದಲ್ಲಿ ಅಕ್ಷರ, ಮುದ್ರೆ ಏನೇನಿದೆ, ಎಲ್ಲ ಹೇಳಿ.

ಕಾಗದದೋಣಿ

ಎಡಗಡೆ ಕೆಂಪು ಬಣ್ಣದ ಉದ್ದನೆ ಚೌಕಟ್ಟಿನಲ್ಲಿ ಮೂರು ನಾಲ್ಕು ಅಕ್ಷರ. ಫೋನ್‌ನಲ್ಲಿ ಹಿಡಿದರೆ ‘ತೊಯೊಕುನಿ’ ಅಂತ ತೋರಿಸುತ್ತೆ. ಮೇಲೆ ಇನ್ನೊಂದು ಪಟ್ಟಿಯಲ್ಲಿ ‘ನರುಕಾಮಿ’ ಅಂತ ಬರ್ತಿದೆ. ಪಕ್ಕದಲ್ಲಿ ಎರಡು ಪುಟ್ಟ ದುಂಡು ಮುದ್ರೆ. ಅದರ ಕೆಳಗೆ ಇನ್ನೊಂದು ಗುರುತು. ದಂಜೂರೋ ಹೆಸರು ಎಲ್ಲೂ ಇಲ್ಲ.

ನೀಲಿಕೊಡೆ

ತೊಯೊಕುನಿ ದೊಡ್ಡ ಹೆಸರಲ್ವಾ? 1794ರ ಸುಮಾರಿಗೆ ರಂಗದ ಮೇಲಿನ ನಟರ ಸಾಲು ಚಿತ್ರ ಮಾಡಿದವನು. ಲಾಟರಿ ಹೊಡೀತು!

ಹಳೇಮಸಿ

ಅವನಲ್ಲ. ಆ ತೊಯೊಕುನಿ 1825ರಲ್ಲೇ ತೀರಿಕೊಂಡ. ಅವನ ಶಿಷ್ಯ ಕುನಿಸಾದಾ 1844ರಲ್ಲಿ ಗುರುವಿನ ಹೆಸರು ತಗೊಂಡ. ಅಲ್ಲಿಂದ 1865ರಲ್ಲಿ ಸಾಯುವ ತನಕ ಬರೀ ತೊಯೊಕುನಿ ಅಂತಲೇ ಸಹಿ. ನಡುವೆ ಇನ್ನೊಬ್ಬ ಶಿಷ್ಯನೂ ಅದೇ ಹೆಸರು ಇಟ್ಟುಕೊಂಡಿದ್ದ, ಹಾಗಾಗಿ ನಾವು ಇವನನ್ನು ಮೂರನೇ ತೊಯೊಕುನಿ ಅಂತೀವಿ. ಉದ್ದನೆ ಚೌಕಟ್ಟಿನೊಳಗಿನ ಸಹಿ ಅವನ ಗುರುತು.

ಇನ್ನು ಆ ಎರಡು ದುಂಡು ಮುದ್ರೆ. ಅವು ಪರಿಶೀಲನೆ ಮಾಡಿದವರವು. ಆಗ ಯಾವ ಚಿತ್ರವೂ ಸರ್ಕಾರದ ಒಪ್ಪಿಗೆ ಇಲ್ಲದೆ ಅಚ್ಚಾಗುವ ಹಾಗಿರಲಿಲ್ಲ. 1843ರಿಂದ ಒಬ್ಬ ಅಧಿಕಾರಿಯ ಒಂದೇ ಮುದ್ರೆ. 1847ರಿಂದ ಇಬ್ಬರದ್ದು. 1852ರಲ್ಲಿ ಅದರ ಜೊತೆಗೆ ತಾರೀಕಿನ ಮುದ್ರೆಯೂ ಸೇರಿತು. ನಿಮ್ಮಲ್ಲಿ ಎರಡೇ ಇವೆ, ತಾರೀಕಿಲ್ಲ. ಅಂದರೆ 1847ರಿಂದ 1852ರ ಶುರುವಿನ ಒಳಗೆ. ಕೆಳಗಿನ ಗುರುತು ಪ್ರಕಾಶಕರದ್ದು.

ಆ ವರ್ಷಗಳಲ್ಲಿ ದಂಜೂರೋ ಹೆಸರು ಹೊತ್ತಿದ್ದವನು ಎಂಟನೆಯವನು.

ಪರದೆ_ಹಿಂದೆ

ಹೆಸರೇ ಬರೆದಿಲ್ಲ ಅಂದಮೇಲೆ ಅವನೇ ಅಂತ ಹೇಗೆ ಹೇಳ್ತೀರಿ? ಪೋಸ್ಟರ್‌ನಲ್ಲಿ ಹೀರೋ ಹೆಸರು ಬಿಡ್ತಾರಾ?

ಹಳೇಮಸಿ

ಹೆಸರು ಬಿಟ್ಟಿದ್ದೇ ನನಗೆ ಇದರಲ್ಲಿ ತುಂಬ ಇಷ್ಟವಾದ ವಿಷಯ. 1841ರಿಂದ 43ರ ತನಕ ಎದೋದಲ್ಲಿ ತೆನ್ಪೋ ಸುಧಾರಣೆ ಅಂತ ಬಿಗಿ ಕಾನೂನುಗಳು ಬಂದವು. ದುಂದುಗಾರಿಕೆ ಬೇಡ, ಮೋಜು ಬೇಡ. 1842ರಲ್ಲಿ ನಟರ ಚಿತ್ರ, ವೇಶ್ಯೆಯರ ಚಿತ್ರ ಅಚ್ಚು ಹಾಕಬಾರದು ಅಂದರು. ನಾಟಕಶಾಲೆಗಳನ್ನು ಊರ ನಡುವಿನಿಂದ ಎತ್ತಿ ಅಸಾಕುಸಾ ಕಡೆಗೆ ಹಾಕಿದರು. ಈ ಎಂಟನೆಯವನ ಅಪ್ಪ, ಏಳನೇ ದಂಜೂರೋ, ಅದ್ದೂರಿಯಾಗಿ ಬದುಕಿದ್ದಕ್ಕೇ ಆ ವರ್ಷ ಎದೋದಿಂದ ಗಡೀಪಾರಾದ.

ಕೆಲವು ವರ್ಷದಲ್ಲಿ ಬಿಗಿ ಸಡಿಲವಾಯ್ತು. ಚಿತ್ರಗಳು ವಾಪಸ್ ಬಂದವು. ಆದರೆ ಹೆಸರಿಲ್ಲದೆ. ಪಾತ್ರದ ಹೆಸರು ಮಾತ್ರ. ಇನ್ನು ಮುಖ? ಆ ಉದ್ದ ಮುಖ, ಆ ಮೂಗು, ಊರಿಗೆಲ್ಲ ಗೊತ್ತು. ಜೊತೆಗೆ ಕೊರಳಪಟ್ಟಿಯಲ್ಲಿ ಮೂರು ಚೌಕ. ಅಧಿಕಾರಿ ಕೇಳಿದರೆ ‘ಇದು ನರುಕಾಮಿ ಸನ್ಯಾಸಿ, ಸ್ವಾಮಿ’ ಅನ್ನಬಹುದು. ಕೊಳ್ಳುವವಳಿಗೆ ಅದು ಯಾರು ಅಂತ ಹೇಳುವ ಅಗತ್ಯವೇ ಇಲ್ಲ.

ಅದೇ ಕಾಲದ ಇನ್ನೊಬ್ಬ ಚಿತ್ರಕಾರ ಕುನಿಯೋಶಿ ಇನ್ನೂ ಮುಂದೆ ಹೋದ. 1847ರ ಸುಮಾರಿಗೆ ಮಕ್ಕಳು ಗೋಡೆಯ ಮೇಲೆ ಗೀಚಿದ ಹಾಗೆ ಒಂದು ಸಾಲು ಚಿತ್ರ ಮಾಡಿದ. ವಕ್ರ ವಕ್ರ ಗೆರೆ, ನಡುವೆ ಒಂದು ಬೆಕ್ಕು. ನೋಡಿದರೆ ಆಟ. ಆದರೆ ಪ್ರತಿ ಮುಖವೂ ಒಬ್ಬೊಬ್ಬ ನಟನದ್ದು.

ಸುಮ್ನೆ_ಓದುಗ

ಈ ಎಳೆ ಓದ್ತಾ ಚಹಾ ಆರಿಹೋಯ್ತು. ಮುಂದುವರಿಸಿ.

ಪರದೆ_ಹಿಂದೆ

ಒಪ್ಪಿದೆ. ಆದರೂ ನನ್ನ ಮೊದಲ ಮಾತು ಬಿಡಲ್ಲ. ನಾಟಕ ನೋಡಿ ಬರೆದ ದಾಖಲೆ ಇದು. ಆ ಕಾಲದಲ್ಲಿ ಕ್ಯಾಮೆರಾ ಇಲ್ಲ. ರಂಗದ ಮೇಲೆ ಏನಿತ್ತು ಅಂತ ತಿಳಿಯಲು ಇದನ್ನು ನಂಬಬಹುದು. ನಾನು ಹವ್ಯಾಸಿ ತಂಡದಲ್ಲಿ ರಂಗಸಜ್ಜಿಕೆ ಮಾಡೋನು, ಅದಕ್ಕೇ ಕೇಳ್ತಿದ್ದೇನೆ.

ಒಸಾಕಾ_ಕನ್ನಡತಿ

ನಂಬೋದು ಕಷ್ಟ. ಎಷ್ಟೋ ಚಿತ್ರಗಳು ನಾಟಕ ಶುರುವಾಗುವ ಮೊದಲೇ ತಯಾರಾಗ್ತಿದ್ದವು. ಮೊದಲ ದಿನವೇ ಮಾರಬೇಕಲ್ವಾ? ಯಾರಿಗೆ ಯಾವ ಪಾತ್ರ ಅಂತ ತಿಳಿದ ಕೂಡಲೇ ಚಿತ್ರಕಾರ ಕೂತು ಬರೆದ. ಆಮೇಲೆ ಪಾತ್ರ ಬದಲಾದರೂ ಹಾಳೆ ಅಚ್ಚಾಗಿಬಿಟ್ಟಿರ್ತಿತ್ತು. ಇನ್ನು ‘ಮಿತಾತೆ’ ಅನ್ನೋ ಬಗೆ ಬೇರೆ. ಎಂದೂ ಆಡದ ನಾಟಕಕ್ಕೆ, ಈ ಪಾತ್ರ ಈ ನಟ ಮಾಡಿದ್ದರೆ ಹೇಗಿರುತ್ತಿತ್ತು ಅಂತ ಮನಸ್ಸಲ್ಲೇ ಆರಿಸಿ ಬರೆಯೋದು. ಕುನಿಸಾದಾ ಅಂಥವನ್ನು ರಾಶಿ ರಾಶಿ ಮಾಡಿದ್ದಾನೆ.

ಕಾಗದದೋಣಿ ಅವರ ಚಿತ್ರದಲ್ಲೇ ನೋಡಿ. ಮಳೆಯನ್ನು ಎಷ್ಟು ಚೆನ್ನಾಗಿ ಗೆರೆಯಲ್ಲಿ ಎಳೆದಿದ್ದಾರೆ. ನಾನು ನರುಕಾಮಿ ಎರಡು ಸಲ ನೋಡಿದ್ದೇನೆ. ರಂಗದ ಮೇಲೆ ಮಳೆಯನ್ನು ನಾನು ಕಿವಿಯಲ್ಲಿ ಕೇಳಿದ್ದು, ದೊಡ್ಡ ನಗಾರಿಯ ಸದ್ದು. ಕಣ್ಣಿಗೆ ಕಾಣೋ ಮಳೆ ಕಾಗದದ್ದು.

ಪರದೆ_ಹಿಂದೆ

ನಗಾರಿಯ ಸದ್ದನ್ನು ಗೆರೆ ಮಾಡಿದ್ದಾನೆ ಅಂತೀರಾ? ಅದು ಮಾತ್ರ ಚೆನ್ನಾಗಿದೆ. ಆದರೆ ಬಟ್ಟೆ, ಕೂದಲು, ನಿಲುವು? ಅವಾದರೂ ನಿಜ ತಾನೇ?

ಹಳೇಮಸಿ

ನಿಲುವು ನಿಜ. ಬಟ್ಟೆಯೂ ಬಹಳ ಮಟ್ಟಿಗೆ ನಿಜ. ನೋಡುವವರು ಬಿಡ್ತಿರಲಿಲ್ಲ, ತಪ್ಪಿದರೆ ಹಾಳೆ ಮಾರಾಟವಾಗೋದಿಲ್ಲ. ಮುಖ ನಿಜವಾಗಿದ್ದು ಮಾತ್ರ ನಿಧಾನಕ್ಕೆ. ಶುರುವಿನ ತೊರಿಯಿ ಮನೆತನದವರು ನಾಟಕಶಾಲೆಗೆ ಬಣ್ಣದ ಫಲಕ ಬರೀತಿದ್ದವರು. ಅವರ ಕಪ್ಪು ಗೆರೆಯ ಚಿತ್ರಗಳಲ್ಲಿ ಕಾಲು ಸೋರೆಕಾಯಿ ಹಾಗೆ ಉಬ್ಬಿರುತ್ತೆ, ಗೆರೆ ಎರೆಹುಳದ ಹಾಗೆ ದಪ್ಪ ಸಣ್ಣ ಆಗುತ್ತೆ. ಜಪಾನಿನವರೇ ಕೊಟ್ಟ ಹೋಲಿಕೆ ಇವು. ಅಲ್ಲಿ ನಟ ಯಾರು ಅಂತ ತಿಳಿಯಲು ಗುರುತು ನೋಡಬೇಕು, ಮುಖ ಎಲ್ಲರದ್ದೂ ಒಂದೇ. 1760ರ ದಶಕದಲ್ಲಿ ಕಾತ್ಸುಕಾವಾ ಶುನ್ಶೋ ಬಂದ ಮೇಲೆ ಮುಖ ನೋಡಿ ನಟನನ್ನು ಗುರುತಿಸುವ ಹಾಗಾಯ್ತು. ಅದೇ ಹೊತ್ತಿಗೆ, 1765ರಲ್ಲಿ, ಬಹುಬಣ್ಣದ ಅಚ್ಚೂ ಬಂತು.

ನೀಲಿಕೊಡೆ

ಮುಖದ ವಿಷಯಕ್ಕೆ ಚಿತ್ರಕಾರ ಶರಾಕು ಹೆಸರು ಯಾರೂ ಎತ್ತಲಿಲ್ಲ! ಅವನ ಮುಂದೆ ಕುನಿಸಾದಾ ಎಲ್ಲಿ? ಶರಾಕು ಅಂದರೆ ನಿಜವಾಗಿ, ದೊಡ್ಡ ಅಲೆಯ ಚಿತ್ರ ಬರೆದ ಹೊಕುಸಾಯಿಯೇ ಅಂತ ಓದಿದ್ದೆ.

ಹಳೇಮಸಿ

ಹೊಕುಸಾಯಿ ಅನ್ನೋದು ಹಳೇ ಊಹೆ, ಬಿಟ್ಟುಬಿಡಿ. ಈಗ ಹೆಚ್ಚಿನವರು ಒಪ್ಪುವುದು ಸಾಯಿತೋ ಜೂರೋಬೆ ಅನ್ನೋ ಹೆಸರು. ಆವಾ ಸಂಸ್ಥಾನದ ಸೇವೆಯಲ್ಲಿದ್ದ ನೋ ನಟ. ಅವನೇ ರಂಗದವನು, ಅದು ನೆನಪಿರಲಿ. 1794ರ ಮೇ ತಿಂಗಳಿನಿಂದ ಹತ್ತು ತಿಂಗಳು. 140ಕ್ಕೂ ಹೆಚ್ಚು ಚಿತ್ರ. ಆಮೇಲೆ ಸುಳಿವೇ ಇಲ್ಲ. ಪ್ರಕಾಶಕ ತ್ಸುತಾಯಾ ಜೂಜಾಬುರೋ. ಮೊದಲ ಕಂತಿನ 28 ದೊಡ್ಡ ತಲೆಗಳಿಗೆ ಹಿಂದೆ ಅಭ್ರಕದ ಪುಡಿ ಹಾಕಿ ಕಡು ಹೊಳಪಿನ ಹಿನ್ನೆಲೆ ಕೊಟ್ಟ.

ಆದರೆ ಅವನಿಗಿಂತ ಕುನಿಸಾದಾ ಕಡಿಮೆ ಅಂತ ನಾನು ಒಪ್ಪಲ್ಲ. ಶರಾಕು ನಟನನ್ನು ನೋಡಿದ. ಕುನಿಸಾದಾ ನಾಟಕವನ್ನು ನೋಡಿದ. ಎರಡೂ ಬೇರೆ ಕೆಲಸ.

ನೀಲಿಕೊಡೆ

ಶರಾಕು ನಾಟಕ ನೋಡಿಲ್ಲ ಅಂದರೆ ನಾನೂ ಒಪ್ಪಲ್ಲ. ಆ ಎದೋಬೆ ಚಿತ್ರ, ಎರಡೂ ಕೈ ಎದೆಯಿಂದ ಹೊರಗೆ ಚಾಚಿ ಬೆರಳು ಬಿಡಿಸಿರೋದು, ಜಗತ್ತಿಗೆಲ್ಲ ಗೊತ್ತು. ಅವನು ಯಾರ ಮೇಲೆ ಬೀಳ್ತಿದ್ದಾನೆ ಗೊತ್ತಾ? ಇಪ್ಪೇ ಅನ್ನೋ ಆಳಿನ ಮೇಲೆ. ಇಪ್ಪೇ ಕತ್ತಿ ಹಿರಿಯುವ ಚಿತ್ರ ಬೇರೆ ಹಾಳೆಯಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಹಣ ದೋಚುವ ದೃಶ್ಯ ಪೂರ್ತಿಯಾಗುತ್ತೆ. ಒಂದು ಹಾಳೆಯಲ್ಲಿ ಅರ್ಧ ಜಗಳ.

ಹಳೇಮಸಿ

ಇದು ಒಳ್ಳೇ ಏಟು. ಒಪ್ಪಿದೆ. ಆ ಎರಡನ್ನು ಜೋಡಿಯಾಗಿ ನೋಡೋರು ಕಡಿಮೆ.

ಒಸಾಕಾ_ಕನ್ನಡತಿ

ಶರಾಕು ನಿಂತುಹೋಗಿದ್ದಕ್ಕೆ ಆಗಿನವರೇ ಕೊಟ್ಟ ಕಾರಣ ಉಳಿದಿದೆ. ತೀರ ಇದ್ದ ಹಾಗೆ ಬರೆಯಲು ಹೋದ, ಜನರಿಗೆ ಹಿಡಿಸಲಿಲ್ಲ ಅಂತ. ಅದರಲ್ಲೂ ಹೆಣ್ಣು ಪಾತ್ರ. 1629ರಲ್ಲಿ ಹೆಂಗಸರು ರಂಗದ ಮೇಲೆ ಬರಬಾರದು ಅಂತಾಯ್ತು. ಅಲ್ಲಿಂದ ಹೆಣ್ಣು ಪಾತ್ರವೆಲ್ಲ ಗಂಡಸರದ್ದೇ. ಶರಾಕು ಬರೆದರೆ ಅಲ್ಲಿ ವಯಸ್ಸಾದ ಗಂಡಸಿನ ದವಡೆ ಕಾಣುತ್ತೆ. ಅಭಿಮಾನಿಗೆ ಬೇಕಾಗಿದ್ದು ಅದಲ್ಲ. ನನಗೆ ಮಾತ್ರ ಅವೇ ಇಷ್ಟ. ಐವತ್ತು ದಾಟಿದವರೊಬ್ಬರು ಹದಿನೆಂಟರ ಹುಡುಗಿಯಾಗಿ ಬಂದು, ಹತ್ತು ನಿಮಿಷದಲ್ಲಿ ನಾನು ವಯಸ್ಸು ಮರೆತಿದ್ದು ನೆನಪಿದೆ. ಆ ಹತ್ತು ನಿಮಿಷದ ಮೊದಲಿನದ್ದನ್ನೂ ಶರಾಕು ಹಿಡಿದಿದ್ದಾನೆ.

ಚಿತ್ರದಲ್ಲಿ ಹೆಣ್ಣಿನ ಹಣೆ ಮೇಲೆ ನೇರಳೆ ಬಟ್ಟೆಯ ತುಂಡು ಕಂಡರೆ ಅದು ಗಂಡಸು ಅಂತ ತಿಳಿಯಿರಿ. ನಟರು ಮುಂದಲೆ ಬೋಳಿಸಬೇಕು ಅಂತ ಕಾನೂನಿತ್ತು. ಅದನ್ನು ಮುಚ್ಚಲು ಆ ಬಟ್ಟೆ.

ಅಚ್ಚುಮೊಳೆ

ನಾಟಕದ ಬಗ್ಗೆ ನನಗೆ ಗೊತ್ತಿಲ್ಲ. ನಮ್ಮಪ್ಪನದ್ದು ಊರಿನಲ್ಲಿ ಕಾಲಲ್ಲಿ ತುಳಿಯುವ ಮುದ್ರಣ ಯಂತ್ರ ಇತ್ತು. ಮದುವೆ ಕರೆಯೋಲೆಗೆ ಎರಡು ಬಣ್ಣ ಹಾಕಬೇಕು ಅಂದರೆ ಒಂದರ ಮೇಲೊಂದು ಸರಿಯಾಗಿ ಕೂರಿಸೋದೇ ದೊಡ್ಡ ಕೆಲಸ. ಕೂದಲೆಳೆ ಜರುಗಿದರೆ ಗಣಪತಿಗೆ ಎರಡು ಸೊಂಡಿಲು. ಇವರು ಹತ್ತಾರು ಹಲಗೆ ಇಟ್ಟು ಕೈಯಲ್ಲೇ ಹೇಗೆ ಕೂರಿಸಿದರು?

ಹಳೇಮಸಿ

ಈ ಪ್ರಶ್ನೆ ಕೇಳಿದ್ದಕ್ಕೆ ಥ್ಯಾಂಕ್ಸ್. ಚಿತ್ರಕಾರ ತೆಳು ಕಾಗದದಲ್ಲಿ ಮಸಿಯಿಂದ ಬರೆದುಕೊಡ್ತಾನೆ. ಕೆತ್ತುವವರು ಅದನ್ನು ಮಗುಚಿ ಕಾಡು ಚೆರ್ರಿ ಮರದ ಹಲಗೆಗೆ ಅಂಟಿಸ್ತಾರೆ. ಗೆರೆ ಬಿಟ್ಟು ಉಳಿದಿದ್ದೆಲ್ಲ ಕೆತ್ತಿ ತೆಗೀತಾರೆ. ಅಂದರೆ ಮೂಲ ಚಿತ್ರ ಅಲ್ಲೇ ಹೋಯ್ತು. ಇದು ಕಪ್ಪು ಗೆರೆಯ ಹಲಗೆ. ಇದರಿಂದ ಪ್ರತಿ ತೆಗೆದು ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ.

ಕೂರಿಸುವ ಗುಟ್ಟು ‘ಕೆಂತೋ’. ಪ್ರತಿ ಹಲಗೆಯ ಒಂದು ಮೂಲೆಯಲ್ಲಿ ಅಡ್ಡ ಉದ್ದ ಸೇರುವ ಒಂದು ಕಚ್ಚು, ಅದೇ ಅಂಚಿನಲ್ಲಿ ಸ್ವಲ್ಪ ದೂರಕ್ಕೆ ಒಂದು ನೇರ ಕಚ್ಚು. ಕಾಗದದ ಮೂಲೆಯನ್ನು ಮೊದಲನೆಯದಕ್ಕೆ, ಅಂಚನ್ನು ಎರಡನೆಯದಕ್ಕೆ ತಾಗಿಸಿ ಇಳಿಸೋದು. ಅಷ್ಟೇ. ಯಂತ್ರ ಇಲ್ಲ. ಬಿದಿರಿನ ಚಿಪ್ಪು ಸುತ್ತಿದ ದುಂಡು ಬಿಲ್ಲೆಯಿಂದ ಹಿಂಬದಿ ಉಜ್ಜುತ್ತಾರೆ. ಅದಕ್ಕೆ ‘ಬಾರೆನ್’ ಅಂತಾರೆ. ಕಾಗದ ಒದ್ದೆ ಮಾಡಿರ್ತಾರೆ, ಅದು ಹಿಗ್ಗಿದರೆ ಲೆಕ್ಕ ತಪ್ಪುತ್ತೆ. ಅದೆಲ್ಲ ಕೈಯ ಅಂದಾಜು.

ಅಚ್ಚುಮೊಳೆ

ನಮ್ಮಪ್ಪ ಇದನ್ನು ಕೇಳಬೇಕಿತ್ತು. ಅವರೂ ಯಂತ್ರದ ಹಾಸಿಗೆ ಮೇಲೆ ರಟ್ಟಿನ ಚೂರು ಅಂಟಿಸಿ ಮೂಲೆ ಹಿಡೀತಿದ್ದರು. ಅದೇ ಉಪಾಯ!

ಕೂದಲು ಕೆತ್ತಿದವರು ಯಾರು? ಹಣೆಯ ಹತ್ತಿರ ಒಂದೊಂದು ಎಳೆ ಬಿಡಿಬಿಡಿಯಾಗಿ ಇರೋದನ್ನು ಫೋಟೋಗಳಲ್ಲಿ ನೋಡಿದ್ದೇನೆ.

ಹಳೇಮಸಿ

ತಲೆ, ಮುಖ ಕೆತ್ತಲು ಪಳಗಿದ ಹಿರಿಯ ಕೆಲಸಗಾರ. ಬಟ್ಟೆ, ಹಿನ್ನೆಲೆ ಎಲ್ಲ ಚಿಕ್ಕವರಿಗೆ. 1850ರ ದಶಕದ ಕೆಲವು ಹಾಳೆಗಳಲ್ಲಿ ಕೆತ್ತಿದವನ ಹೆಸರೂ ಪುಟ್ಟ ಚೌಕದಲ್ಲಿ ಅಚ್ಚಾಗಿದೆ. ಅದನ್ನು ಕಂಡಾಗಲೆಲ್ಲ ನನಗೆ ಸಮಾಧಾನ.

ಸುಮ್ನೆ_ಓದುಗ

ಒಂದು ಅನುಮಾನ. ಈ ಹಾಳೆ ಅಸಲೀನಾ ಅಂತ ಹೇಗೆ ಗೊತ್ತು ಮಾಡ್ಕೊಳ್ಳೋದು? ನಾನು ವಿದೇಶದಲ್ಲಿ ಒಂದು ಅಂಗಡಿಯಲ್ಲಿ ‘19ನೇ ಶತಮಾನದ್ದು’ ಅಂತ ಚೌಕಟ್ಟು ಹಾಕಿದ್ದನ್ನೇ ಕೊಂಡೆ. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಬಣ್ಣವೆಲ್ಲ ಚುಕ್ಕಿ ಚುಕ್ಕಿ. ಕ್ಯಾಲೆಂಡರಿನ ಹಾಳೆ. ಬಿಲ್ ಕೂಡ ಇರಲಿಲ್ಲ. ಆ ದುಡ್ಡು ಹೋಗಿದ್ದಕ್ಕಿಂತ ನಂಬಿದ್ದು ನೋವಾಯ್ತು.

ಹಳೇಮಸಿ

ಪಾಪ. ಚೌಕಟ್ಟು ಬಿಚ್ಚಿ ಹಿಂಬದಿ ತೋರಿಸದಿದ್ದರೆ ಕೊಳ್ಳಬಾರದು. ಭೂತಗನ್ನಡಿಯಲ್ಲಿ ಚುಕ್ಕಿ ಕಂಡರೆ ಯಂತ್ರದ ಅಚ್ಚು. ಮರದಚ್ಚಿನಲ್ಲಿ ಬಣ್ಣ ಕಾಗದದ ನಾರಿನೊಳಗೆ ಇಳಿದಿರುತ್ತೆ, ಹಿಂದುಗಡೆ ನೆರಳಿನ ಹಾಗೆ ಕಾಣಬೇಕು. ಬಾರೆನ್ ಉಜ್ಜಿದ ಸುರುಳಿ ಗುರುತೂ ಕಾಣಬಹುದು. ಆದರೆ ಮರದಚ್ಚಿನಲ್ಲೇ ಆಮೇಲೆ ಮತ್ತೆ ಕೆತ್ತಿ ಒತ್ತಿದವೂ ಇವೆ. ಅವು ಮೋಸ ಅಲ್ಲ, ಮರುಮುದ್ರಣ ಅಂತ ಹೇಳಿ ಮಾರಿದರೆ.

ಬಣ್ಣವೂ ಸುಳಿವು ಕೊಡುತ್ತೆ. ಕಣ್ಣಿಗೆ ಹೊಡೆಯುವ ಕೆಂಪು, ನೇರಳೆ ಇದ್ದರೆ ಅದು 1860ರ ದಶಕದಿಂದ ಈಚೆಗೆ ಬಂದ ರಾಸಾಯನಿಕ ಬಣ್ಣ. ಆಮೇಲಿನ ಚಿತ್ರಕಾರ ಕುನಿಚಿಕಾನ ನಟರ ಚಿತ್ರಗಳಲ್ಲಿ ಅದೇ ಜಾಸ್ತಿ. ಚೆನ್ನಾದ ಕಡು ನೀಲಿ ಇದ್ದರೆ ಪ್ರಷ್ಯನ್ ನೀಲಿ, 1830ರ ಸುಮಾರಿಗೆ ಎದೋದಲ್ಲಿ ಎಲ್ಲ ಕಡೆ ಹಬ್ಬಿತು.

ಕಾಗದದೋಣಿ

ಹಿಂದೆ ತಿರುಗಿಸಿ ನೋಡಿದೆ. ಬೆಂಕಿಯ ಆಕಾರ ಹಿಂಬದಿಯಲ್ಲೂ ಮಸುಕಾಗಿ ಕಾಣ್ತಿದೆ. ಕೆಂಪು ಹೊಡೆಯೋ ಹಾಗಿಲ್ಲ, ಇಟ್ಟಿಗೆ ಬಣ್ಣಕ್ಕೆ ಹತ್ತಿರ. ಎರಡು ಕಡೆ ಹುಳು ತಿಂದ ತೂತಿದೆ. ಚೌಕಟ್ಟು ಹಾಕಿಸಿ ಹಜಾರದ ಗೋಡೆಗೆ ಹಾಕೋಣ ಅಂತಿದ್ದೆ. ಹಾಕಬಹುದಾ?

ಬಾಸ್ಟನ್_ಬೇಸಿಗೆ

ಬೇಡಿ! ಇಲ್ಲಿನ ಲಲಿತಕಲಾ ಮ್ಯೂಸಿಯಂನಲ್ಲಿ ಸ್ಪಾಲ್ಡಿಂಗ್ ಸಂಗ್ರಹ ಅಂತ ಇದೆ. 6 ಸಾವಿರಕ್ಕೂ ಹೆಚ್ಚು ಜಪಾನಿ ಅಚ್ಚಿನ ಚಿತ್ರಗಳು. 1921ರಲ್ಲಿ ಕೊಟ್ಟ ಅಣ್ಣತಮ್ಮಂದಿರು ಹಾಕಿದ ಷರತ್ತು, ಇವನ್ನು ಯಾವತ್ತೂ ಪ್ರದರ್ಶನಕ್ಕೆ ಇಡಬಾರದು ಅಂತ. ಬೆಳಕು ಬಿದ್ದರೆ ಬಣ್ಣ ಹೋಗುತ್ತೆ. ಅದಕ್ಕೇ ಅಲ್ಲಿನ ಬಣ್ಣ ಇವತ್ತಿಗೂ ಹೊಸದರ ಹಾಗಿದೆ. ಕುಸುಬೆಯ ಕೆಂಪು, ಹೂವಿನಿಂದ ತೆಗೆದ ನೀಲಿ, ಇವು ಬಿಸಿಲಿಗೆ ನಿಲ್ಲಲ್ಲ.

ಪರದೆ_ಹಿಂದೆ

ಯಾರೂ ನೋಡದ ಹಾಗೆ ಇಡೋದು ಎಂಥ ನ್ಯಾಯ? ಆಗ ಒಂದು ಬಟ್ಟಲು ಸೋಬಾ ಶಾವಿಗೆ ತಿನ್ನುವ ದುಡ್ಡಿಗೆ ಇನ್ನೊಂದು ಸ್ವಲ್ಪ ಸೇರಿಸಿದರೆ ಸಿಗುತ್ತಿದ್ದ ಹಾಳೆ ಇದು. ಗೋಡೆಗೆ, ಪರದೆಗೆ ಅಂಟಿಸಿಕೊಂಡು ನೋಡಲಿ ಅಂತಲೇ ಮಾಡಿದ್ದು.

ಬಾಸ್ಟನ್_ಬೇಸಿಗೆ

ಆಗ ನಾಳೆ ಇನ್ನೊಂದು ಸಿಗುತ್ತಿತ್ತು. ಈಗ ಸಿಗಲ್ಲವಲ್ಲ.

ತುಂಗಾತೀರ

ಒಳ್ಳೇ ಫೋಟೋ ತೆಗೆಸಿ ಅದನ್ನು ಗೋಡೆಗೆ ಹಾಕಿ ಅಕ್ಕ. ಅಸಲಿಯನ್ನು ಒಣಗಿದ ಜಾಗದಲ್ಲಿ, ಆಮ್ಲ ಇಲ್ಲದ ಕಾಗದದ ನಡುವೆ ಮಟ್ಟಸವಾಗಿ ಇಡಿ. ನಮ್ಮ ಕಡೆ ಮಳೆಗಾಲದ ಬೂಸ್ಟು ನೋಡಿದವನು ನಾನು.

ನೀಲಿಕೊಡೆ

ಎಂಟನೇ ದಂಜೂರೋ ಆಮೇಲೆ ಏನಾದ? ಅಪ್ಪ ಗಡೀಪಾರು ಅಂದಿರಲ್ಲ.

ಒಸಾಕಾ_ಕನ್ನಡತಿ

ಅಪ್ಪನಿಗೆ 1849ರ ಕೊನೆಗೆ ಕ್ಷಮೆ ಸಿಕ್ಕಿತು. ಮಗನ ಕತೆ ದುಃಖದ್ದು. ಎದೋದ ಹೆಣ್ಣುಮಕ್ಕಳ ಕಣ್ಮಣಿ ಅವನು. 1854ರಲ್ಲಿ ಅಪ್ಪನ ಜೊತೆ ನಾಟಕ ಆಡಲು ಒಸಾಕಾಗೆ ಬಂದ. ಇಲ್ಲೇ ತಂಗಿದ್ದ ಮನೆಯಲ್ಲಿ ತಾನೇ ಪ್ರಾಣ ಕಳೆದುಕೊಂಡ. ಜಪಾನಿ ಲೆಕ್ಕದಲ್ಲಿ 32 ವರ್ಷ. ಕಾರಣ ಇವತ್ತಿಗೂ ಗಟ್ಟಿಯಾಗಿ ಗೊತ್ತಿಲ್ಲ.

ನಟ ಸತ್ತರೆ ‘ಶಿನಿ-ಎ’ ಅಂತ ಸಾವಿನ ಚಿತ್ರ ಅಚ್ಚು ಹಾಕ್ತಿದ್ದರು. ತಿಳಿ ನೀಲಿ ಉಡುಪು, ಸತ್ತ ದಿನ, ಸತ್ತ ಮೇಲಿನ ಹೆಸರು. ಇವನಿಗೆ ನೂರಾರು ಬಗೆ ಬಂದವು. ಅಷ್ಟು ಬೇರೆ ಯಾರಿಗೂ ಬಂದಿಲ್ಲ. ಒಂದರಲ್ಲಿ ಬುದ್ಧನ ಪರಿನಿರ್ವಾಣದ ಹಾಗೆ ಅವನು ಮಲಗಿದ್ದಾನೆ, ಸುತ್ತ ಶಿಷ್ಯರ ಜಾಗದಲ್ಲಿ ಹೆಂಗಸರು ಅಳ್ತಿದ್ದಾರೆ.

ಕಾಗದದೋಣಿ

ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಸಿಟ್ಟಿನ ಮುಖ ಅಂದುಕೊಂಡು ನೋಡ್ತಿದ್ದೆ. ಈಗ ಅವನಿಗೆ ಕೆಲವೇ ವರ್ಷ ಉಳಿದಿತ್ತು ಅಂತ ಗೊತ್ತಾದ ಮೇಲೆ ಬೇರೆ ಥರ ಕಾಣ್ತಿದೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಬಲಗಡೆ ಕತ್ತರಿಸಿದ ಹಾಗಿರುವ ಆ ಬಟ್ಟೆಯ ತುದಿ ಯಾರದ್ದು?

ಹಳೇಮಸಿ

ಕತ್ತರಿಸಿದ್ದಲ್ಲ. ನಿಮ್ಮದು ಎರಡು ಇಲ್ಲವೇ ಮೂರು ಹಾಳೆಯ ಚಿತ್ರದ ಎಡಗಡೆಯ ಹಾಳೆ. ಕುನಿಸಾದಾ ನಾಟಕದ ದೃಶ್ಯಗಳನ್ನು ಹೆಚ್ಚಾಗಿ ಮೂರು ಹಾಳೆಗಳಲ್ಲಿ ಹರಡ್ತಾನೆ. ಹಾಳೆಗಳನ್ನು ಬಿಡಿಬಿಡಿಯಾಗಿಯೂ ಮಾರುತ್ತಿದ್ದರು, ಕಾಲಕ್ಕೆ ಒಂದೊಂದು ಒಂದೊಂದು ದಿಕ್ಕಿಗೆ ಹೋದವು. ಆ ತುದಿ ತಾಯೆಮಾಳದ್ದೇ ಇರಬೇಕು. ಹಗ್ಗ ಅವಳ ಕಡೆಗಿದೆ ನೋಡಿ.

ಟೋಕಿಯೋದ ವಸೇದಾ ವಿಶ್ವವಿದ್ಯಾಲಯದಲ್ಲಿ 1928ರಲ್ಲಿ ಶುರುವಾದ ನಾಟಕದ ಮ್ಯೂಸಿಯಂ ಇದೆ. ಅವರ ಹತ್ತಿರ ನಟರ ಚಿತ್ರಗಳೇ 40 ಸಾವಿರಕ್ಕೂ ಹೆಚ್ಚು. ಅಂತರ್ಜಾಲದಲ್ಲಿ ಹುಡುಕಬಹುದು. ನಟ, ಪಾತ್ರ, ವರ್ಷ ಹಾಕಿ ನೋಡಿ. ಹುಡುಕುವಾಗ ಎಡ ಅಂಚು ನೋಡಿ, ಅದು ನಿಮ್ಮ ಹಾಳೆಯ ಬಲ ಅಂಚಿಗೆ ಕೂಡಬೇಕು. ಬಟ್ಟೆಯ ವಿನ್ಯಾಸ, ಮಳೆಯ ಓರೆ, ಎರಡೂ ಹೊಂದಬೇಕು.

ಪರದೆ_ಹಿಂದೆ

ನಾನೂ ಹುಡುಕಲು ಕೂತೆ. ಮತ್ತೆ ಒಂದು ಒಪ್ಪಿಗೆ. ಸಿನಿಮಾ ಪೋಸ್ಟರ್ ಅಂದಿದ್ದನ್ನು ವಾಪಸ್ ತಗೊಂಡೆ. ಮಳೆಯ ಗೆರೆ ಮುಖದ ಮೇಲೆ ಹಾಯದ ಹಾಗೆ ಬಿಟ್ಟಿದ್ದಾರೆ ಅಂದರಲ್ಲ, ಅದು ರಂಗದ ಬೆಳಕಿನ ಕೆಲಸ ಗೊತ್ತಿರುವವರು ಮಾಡುವಂಥದ್ದು.

ತುಂಗಾತೀರ

ಕಾಗದದೋಣಿ ಅಕ್ಕ, ಫೋಟೋ ತೆಗೆಸಿದ ಮೇಲೆ ಒಂದು ಪ್ರತಿ ನನಗೂ ಕಳಿಸಿ. ಜೂನ್‌ನಲ್ಲಿ ಕಿಗ್ಗಕ್ಕೆ ಹೋಗ್ತೀನಿ. ಅಲ್ಲಿಂದ ಸಿರಿಮನೆ ಜಲಪಾತ ಹತ್ತಿರ. ನಮ್ಮಮ್ಮನಿಗೆ ಅಲ್ಲಿ ನಿಂತು ತೋರಿಸಬೇಕು, ಋಷ್ಯಶೃಂಗ ಎಲ್ಲಿಯ ತನಕ ಹೋಗಿದ್ದಾನೆ ಅಂತ.

ಕಾಗದದೋಣಿ

ಖಂಡಿತ ಕಳಿಸ್ತೀನಿ. ಅಣ್ಣನಿಗೆ ಈಗಲೇ ಫೋನ್ ಮಾಡಿದೆ, ಆ ಅಂಗಡಿಯ ಅದೇ ಕಟ್ಟಿನಲ್ಲಿ ಪಕ್ಕದ ಹಾಳೆ ಇತ್ತಾ ಅಂತ. ‘ಯಾರೋ ಹೆಂಗಸು ಬಂಡೆ ಹತ್ತುತ್ತಿದ್ದ ಚಿತ್ರ ಒಂದಿತ್ತು, ನಿನಗೆ ಗಂಡಸಿನದ್ದೇ ಇಷ್ಟವಾಗುತ್ತೆ ಅಂತ ಬಿಟ್ಟುಬಂದೆ’ ಅಂದ. ಮುಂದಿನ ತಿಂಗಳು ಮತ್ತೆ ಹೋಗ್ತಾನೆ. ಬಟ್ಟೆಯ ತುದಿಯ ಫೋಟೋ ಅವನ ಫೋನ್‌ಗೆ ಹಾಕಿದ್ದೇನೆ.